ಎಲ್‌ಎಕ್ಯೂ ಬಂದೈತಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ಹತ್ತುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಆಸಾರ್ ಮಹಲಿನ ಕಡೆ ಹಾಯುವವರು ಕಡಿಮೆ. ಎತ್ತರದ ಮರದ ಕಂಬಗಳು, ಎದುರಿಗೆ ನೀರಿನ ಹೊಂಡ. ಮುಹಮ್ಮದ್ ಆದಿಲ್ ಶಾಹ 1646ರ ಸುಮಾರಿಗೆ ಇದನ್ನು ಕಟ್ಟಿಸಿದಾಗ ಇದು ದಾದ್ ಮಹಲ್ ಆಗಿತ್ತು, ನ್ಯಾಯ ಹೇಳುವ ಮನೆ. ಪ್ರವಾದಿಯವರ ಕೇಶವನ್ನು ಇಲ್ಲಿಟ್ಟ ಮೇಲೆ ಆಸಾರ್ ಮಹಲ್ ಎಂಬ ಹೆಸರು ಬಂತು. ಆ ಕಂಬಗಳ ಕೆಳಗೆ ನಿಂತಾಗಲೆಲ್ಲ ನನಗೆ ಫಿರ್ಯಾದಿ ಹಿಡಿದು ಬಂದ ರೈತರ ಯೋಚನೆ ಬರುತ್ತದೆ. ಬಾದಶಹ ಕೇಳಿದರೆ ಕೇಳಿದ, ಇಲ್ಲವಾದರೆ ಇಲ್ಲ. ಕೇಳಿಕೊಳ್ಳುವುದು ರೈತನ ಪಾಲಿಗೆ, ಕೊಡುವುದು ದೊರೆಯ ಮರ್ಜಿಗೆ. ‘ನಮ್ಮೂರಿನ ಕೆಲಸ ಯಾಕೆ ಆಗಿಲ್ಲ, ಇಂಥ ದಿನ ಉತ್ತರ ಹೇಳು’ ಎಂದು ದೊರೆಗೆ ಗಡುವು ಕೊಡುವ ಅಧಿಕಾರ ಯಾರಿಗೂ ಇರಲಿಲ್ಲ. ಆ ಅಧಿಕಾರ ಈಗ ನಮಗಿದೆ. ಅದು ಇರುವ ಜಾಗದ ಹೆಸರು ವಿಧಾನಸಭೆ.

ತಿಕೋಟಾದ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಒಮ್ಮೆ ಈ ಮಾತು ಆಡಿದೆ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. ‘ತಮ್ಮಾ, ಅಧಿವೇಶನ ಅಂದ್ರ ಟಿವ್ಯಾಗ ನೋಡೀನಿ. ಬರೇ ಬಡದಾಡ್ತಾರ. ನಮಗೇನ ಉಪಯೋಗ?’ ‘ಹಂಗಲ್ಲ ಕಾಕಾ, ಟಿವ್ಯಾಗ ತೋರಸೂದು ಭಾಳ ಕಡಿಮಿ. ತೋರಸದ್ದ ಭಾಳ ಐತಿ’ ಎಂದೆ. ಅವರು ನಂಬಿದಂತೆ ಕಾಣಲಿಲ್ಲ. ಅವರ ಮಾತಿನಲ್ಲೂ ಹುರುಳಿದೆ. ನಮ್ಮ ಕಡೆ ಎಮ್ಮೆಲ್ಲೆ ಸಾಹೇಬರನ್ನು ಅಳೆಯುವ ಅಳತೆ ಬೇರೆ. ಮಗಳ ಲಗ್ನಕ್ಕೆ ಬಂದರೋ ಇಲ್ಲವೋ, ಮಣ್ಣಿಗೆ ಬಂದು ಮನೆಯವರನ್ನು ಮಾತಾಡಿಸಿದರೋ ಇಲ್ಲವೋ, ವರ್ಗಾವಣೆಗೆ ಪತ್ರ ಕೊಟ್ಟರೋ ಇಲ್ಲವೋ. ಇದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸಾವಿನ ಮನೆಗೆ ಬಂದು ಕೂತವನನ್ನು ಜನ ಮರೆಯುವುದಿಲ್ಲ, ಮರೆಯಲೂಬಾರದು. ಆದರೆ ಅದನ್ನು ಬಂಧುಗಳೂ ಮಾಡುತ್ತಾರೆ. ಶಾಸಕ ಮಾತ್ರ ಮಾಡಬಲ್ಲ ಕೆಲಸ ಇನ್ನೊಂದಿದೆ: ಸದನದಲ್ಲಿ ಪ್ರಶ್ನೆ ಕೇಳುವುದು.

ಪ್ರಶ್ನೆಯ ಬಲ ಗೊತ್ತಾಗಬೇಕಾದರೆ ಬೆಂಗಳೂರಿಗೆ ಹೋಗಬೇಕಿಲ್ಲ. ಅಧಿವೇಶನ ಹತ್ತಿರ ಬಂದಾಗ ಯಾವುದೇ ತಾಲೂಕಿನ ಸರ್ಕಾರಿ ಕಚೇರಿಗೆ ಹೋಗಿ ನೋಡಿ. ಬೇರೆ ದಿನ ‘ನಾಳೆ ಬರ್ರಿ’ ಎನ್ನುವ ಟೇಬಲ್ಲಿನಲ್ಲೂ ಅವಸರ ಕಾಣುತ್ತದೆ. ‘ಎಲ್‌ಎಕ್ಯೂ ಬಂದೈತಿ’ ಎನ್ನುತ್ತಾರೆ. ವಿಧಾನಸಭೆಯಲ್ಲಿ ಸದಸ್ಯರು ಕೇಳಿದ ಪ್ರಶ್ನೆಗೆ ನೌಕರರ ಬಾಯಲ್ಲಿ ಇರುವ ಹೆಸರು ಅದು, ಪರಿಷತ್ತಿನದಾದರೆ ಎಲ್‌ಸಿಕ್ಯೂ. ಉದಾಹರಣೆಗೆ ಒಬ್ಬ ಸದಸ್ಯರು ಬರೆದು ಕೇಳುತ್ತಾರೆ ಅನ್ನಿ: ತಿಕೋಟಾ ಮತ್ತು ಬಬಲೇಶ್ವರ ತಾಲೂಕುಗಳಲ್ಲಿ ಕುಡಿಯುವ ನೀರಿನ ಸೌಕರ್ಯವಿಲ್ಲದ ಸರ್ಕಾರಿ ಶಾಲೆಗಳು ಎಷ್ಟು, ಯಾವ ಊರಿನವು, ಯಾವಾಗ ಸರಿಯಾಗುತ್ತವೆ? ಆ ಕಾಗದ ವಿಧಾನಸಭೆಯ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ವಿಜಯಪುರದ ಜಿಲ್ಲಾ ಕಚೇರಿಗೆ, ಅಲ್ಲಿಂದ ತಾಲೂಕಿಗೆ ಇಳಿಯುತ್ತದೆ. ತಾಲೂಕಿನವರು ಹೆಡ್‌ಮಾಸ್ತರರಿಗೆ ಫೋನ್ ಮಾಡುತ್ತಾರೆ. ಅಲ್ಲಿಯವರೆಗೆ ಯಾರೂ ಎಣಿಸದ ಶಾಲೆಗಳನ್ನು ಅವತ್ತು ಎಣಿಸುತ್ತಾರೆ. ಪಟ್ಟಿ ಮತ್ತೆ ಮೆಟ್ಟಿಲು ಹತ್ತಿ ಹೋಗಿ ಮಂತ್ರಿಗಳ ಸಹಿ ಬಿದ್ದು ಸದನದ ಮುಂದೆ ಬರುತ್ತದೆ. ಒಮ್ಮೆ ಬಂದಿತೆಂದರೆ ಅದು ಸರ್ಕಾರದ ಮಾತು. ಅದರಲ್ಲಿ ಸುಳ್ಳಿದ್ದರೆ ಹಕ್ಕುಚ್ಯುತಿಯ ಪ್ರಶ್ನೆ ಏಳಬಹುದು. ಆ ಭಯವೇ ಕಚೇರಿಯ ದೀಪವನ್ನು ರಾತ್ರಿಯವರೆಗೆ ಉರಿಸುತ್ತದೆ.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿಗಳು ಸದನದಲ್ಲಿ ಎದ್ದು ನಿಂತು ಉತ್ತರ ಹೇಳಬೇಕು, ಅದರ ಬೆನ್ನಿಗೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಮಾತ್ರ. ಕ್ಯಾಮೆರಾ ಇರುವುದು ಮೊದಲನೆಯದಕ್ಕೆ. ನನಗೆ ಎರಡನೆಯದರ ಮೇಲೆ ಪ್ರೀತಿ ಹೆಚ್ಚು. ಊರುವಾರು ಪಟ್ಟಿ, ಕಾಮಗಾರಿಯ ಹೆಸರು, ಬಿಡುಗಡೆಯಾದ ಹಣ, ಖರ್ಚಾದ ಹಣ, ಎಲ್ಲ ಅನುಬಂಧವಾಗಿ ಅಂಟಿಕೊಂಡು ಬರುವುದು ಅಲ್ಲಿ. ಆ ಅನುಬಂಧ ಹಿಡಿದು ಬಿಜ್ಜರಗಿಯ ಹುಡುಗ ತನ್ನೂರಿನ ರಸ್ತೆಯ ಹೆಸರನ್ನು ಹುಡುಕಬಹುದು. ಕಾಗದದಲ್ಲಿ ಮುಗಿದ ರಸ್ತೆ ನೆಲದ ಮೇಲೆ ಇದೆಯೋ ಇಲ್ಲವೋ ನೋಡಿ ಬರಬಹುದು. ಮಂತ್ರಿಗಳು ಸದನದಲ್ಲಿ ‘ಮಾಡಿಸಿಕೊಡ್ತೀವಿ’ ಎಂದದ್ದೂ ಗಾಳಿಗೆ ಹೋಗುವುದಿಲ್ಲ. ಅಂಥ ಮಾತುಗಳನ್ನು ಹೆಕ್ಕಿ ಬರೆದಿಟ್ಟುಕೊಂಡು, ಆಯಿತೇ ಇಲ್ಲವೇ ಎಂದು ಬೆನ್ನುಹತ್ತುವುದಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದು ಇದೆ. ನಾಗರಿಕರೇ ಸದನಕ್ಕೆ ಮೊರೆಯಿಡಲು ಅರ್ಜಿಗಳ ಸಮಿತಿ ಇದೆ. ಇವೆರಡರ ಹೆಸರು ಕೇಳಿದವರು ನಮ್ಮ ಊರುಗಳಲ್ಲಿ ಬಹಳ ಕಡಿಮೆ. ಇದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಇಷ್ಟು ಹಕ್ಕು ಒಂದೇ ದಿನ ಬಂದದ್ದಲ್ಲ. ಕರ್ನಾಟಕದ ಶಾಸನಸಭೆಯ ಕಥೆ ಹೇಳುವವರು ಮೈಸೂರಿನಿಂದ ಶುರು ಮಾಡುತ್ತಾರೆ. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರ್ 7ರಂದು ದಸರೆಯ ಹೊತ್ತಿನಲ್ಲಿ 144 ಪ್ರತಿನಿಧಿಗಳನ್ನು ಕೂಡಿಸಿ ಪ್ರಜಾಪ್ರತಿನಿಧಿ ಸಭೆ ನಡೆಸಿದರು. ದಿವಾನರು ಹೇಳಿದ್ದನ್ನು ಕೇಳುವುದು, ತಮ್ಮ ಕಷ್ಟ ಹೇಳುವುದು, ಇಷ್ಟೇ ಆಗ ಸದಸ್ಯರ ಕೆಲಸ. ಕಾಯಿದೆಯ ಕೆಲಸಕ್ಕೆ 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. ಹೆಮ್ಮೆಯ ಚರಿತ್ರೆಯೇ ಸರಿ. ಆದರೆ ವಿಜಯಪುರದ ಚರಿತ್ರೆ ಆ ದಾರಿಯಲ್ಲಿ ಬರಲಿಲ್ಲ, ಮುಂಬಯಿಯ ದಾರಿಯಲ್ಲಿ ಬಂತು. ನಾವು ಮುಂಬಯಿ ಇಲಾಖೆಯವರು. ಮೊದಲು ನಮ್ಮ ಜಿಲ್ಲೆಯ ಮುಖ್ಯ ಠಾಣೆ ಕಲಾದಗಿ. 1885ರಲ್ಲಿ ಅದು ಬಿಜಾಪುರಕ್ಕೆ (ಈಗಿನ ವಿಜಯಪುರ) ಬಂದಾಗ ಆದಿಲ್‌ಶಾಹಿ ಮಹಲುಗಳೇ ಸರ್ಕಾರಿ ಕಚೇರಿಗಳಾದವು. ಕಾಯಿದೆ ಮಾಡುವ ಮನೆ ಇದ್ದದ್ದು ಸಮುದ್ರದ ದಂಡೆಯಲ್ಲಿ. ಮುಂಬಯಿ ಗವರ್ನರರ ಶಾಸನ ಮಂಡಳಿ 1862ರಲ್ಲಿ ಕೂತಾಗ ಅಲ್ಲಿದ್ದವರು ಸರ್ಕಾರ ಆರಿಸಿದ ಕೆಲವೇ ಮಂದಿ.

ಆ ಮನೆಗೆ ನಮ್ಮೂರಿನಿಂದ ಹೋದವರಲ್ಲಿ ಫ.ಗು. ಹಳಕಟ್ಟಿಯವರು ಒಬ್ಬರು ಎಂಬುದನ್ನು ಹೇಳದೆ ಮುಂದೆ ಹೋಗಲಾರೆ. ವಚನಗಳ ತಾಳೆಗರಿಗಳನ್ನು ಮನೆಮನೆ ಅಲೆದು ಕೂಡಿಸಿದವರು, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದವರು ಎಂದು ನಾಡಿಗೆಲ್ಲ ಗೊತ್ತು. ಹೊಟ್ಟೆಪಾಡಿಗೆ ಅವರು ಬಿಜಾಪುರದ ವಕೀಲರು. 1910ರಲ್ಲಿ ಬಿಎಲ್‌ಡಿಇ ಸಂಸ್ಥೆ, 1912ರಲ್ಲಿ ಸಿದ್ಧೇಶ್ವರ ಬ್ಯಾಂಕು, 1920ರಲ್ಲಿ ಮುಂಬಯಿ ಶಾಸನ ಮಂಡಳಿಗೆ ಆಯ್ಕೆ. ಆಗ ಮತ ಹಾಕುವ ಹಕ್ಕು ಇದ್ದದ್ದು ಆಸ್ತಿ, ಕಂದಾಯ ಇದ್ದ ಸ್ವಲ್ಪ ಜನಕ್ಕೆ. ಬಬಲೇಶ್ವರದ ಕೂಲಿಕಾರನಿಗೆ, ಹೆಚ್ಚುಕಡಿಮೆ ಎಲ್ಲ ಹೆಣ್ಣುಮಕ್ಕಳಿಗೆ, ಮತಪೆಟ್ಟಿಗೆ ದೂರವೇ ಇತ್ತು. 1937ರಲ್ಲಿ ಮುಂಬಯಿ ಪ್ರಾಂತಕ್ಕೆ ಚುನಾಯಿತ ವಿಧಾನಸಭೆ ಬಂದಾಗ ಅದರ ಸಭಾಧ್ಯಕ್ಷರಾದವರು ಗಣೇಶ ಮಾವಳಂಕರ್, ಮುಂದೆ ಲೋಕಸಭೆಯ ಮೊದಲ ಸ್ಪೀಕರ್. ಎಲ್ಲ ವಯಸ್ಕರಿಗೂ ಮತ ಸಿಕ್ಕ ಮೊದಲ ಚುನಾವಣೆಯಲ್ಲಿ, 1952ರಲ್ಲಿ, ನಮ್ಮ ಜಿಲ್ಲೆಯ ಜನ ಆರಿಸಿ ಕಳಿಸಿದ್ದೂ ಮುಂಬಯಿಗೇ.

ಮರಾಠಿ, ಗುಜರಾತಿ ಸದಸ್ಯರ ನಡುವೆ ಕನ್ನಡದವರು ಅಲ್ಪಸಂಖ್ಯಾತರು. ಏಕೀಕರಣದ ಕಿಚ್ಚು ಆ ಸದನದ ಒಳಗೂ ಹೊತ್ತಿತ್ತು. ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ತಮ್ಮ ಶಾಸಕ ಸ್ಥಾನ ಬಿಟ್ಟುಕೊಟ್ಟು ಜಕ್ಕಲಿಯಲ್ಲಿ ಉಪವಾಸ ಕೂತರು. ಕುರ್ಚಿ ಉಳಿಸಿಕೊಳ್ಳಲು ಆಡಿದ ರಾಜೀನಾಮೆಯ ನಾಟಕ ನೋಡಿದ ನಮ್ಮ ಕಾಲದವರು, ನಾಡು ಕೂಡಲಿ ಎಂದು ಕುರ್ಚಿ ಬಿಟ್ಟ ಆ ರಾಜೀನಾಮೆಯನ್ನು ಮಕ್ಕಳಿಗೆ ಹೇಳಬೇಕು. 1956ರ ನವೆಂಬರ್ 1ರಂದು ಬಿಜಾಪುರ, ಧಾರವಾಡ, ಕಾರವಾರ, ಬೆಳಗಾವಿ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ವಿಧಾನಸೌಧ ಅದೇ ವರ್ಷ ಮುಗಿದಿತ್ತು. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು, ಹಳೇ ಮೈಸೂರು, ಹೀಗೆ ಐದು ಆಡಳಿತಗಳ ರೂಢಿಯಲ್ಲಿ ಬೆಳೆದವರು ಒಂದೇ ಮನೆಯಲ್ಲಿ ಕೂತರು.

ಆ ಮನೆಯನ್ನು ನಡೆಸಿದವರು ಯಾರು? ನಮ್ಮ ಜಿಲ್ಲೆಯವರು! ಹುನಗುಂದದಿಂದ ಆರಿಸಿ ಬಂದಿದ್ದ ಎಸ್.ಆರ್. ಕಂಠಿಯವರು ಮುಂಬಯಿ ಶಾಸನಸಭೆಯಲ್ಲಿ ಉಪಸಭಾಧ್ಯಕ್ಷರಾಗಿ ಪಳಗಿದವರು. 1956ರಿಂದ 1962ರವರೆಗೆ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರು ಅವರೇ. 1958ರಲ್ಲಿ ಮುಖ್ಯಮಂತ್ರಿಯಾದ ಬಿ.ಡಿ. ಜತ್ತಿಯವರು ಜಮಖಂಡಿಯವರು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಆಗ ಹುನಗುಂದ, ಜಮಖಂಡಿ ಎರಡೂ ಬಿಜಾಪುರ ಜಿಲ್ಲೆಯವೇ. ಅಂದರೆ ಸುಮಾರು ನಾಲ್ಕು ವರ್ಷ ಮುಖ್ಯಮಂತ್ರಿಯ ಕುರ್ಚಿ, ಸಭಾಧ್ಯಕ್ಷರ ಪೀಠ ಎರಡೂ ಒಂದೇ ಜಿಲ್ಲೆಯವರ ಕೈಯಲ್ಲಿದ್ದವು. ಬರದ ನಾಡು ಎಂದು ನಮ್ಮನ್ನು ಕರೆಯುವವರಿಗೆ ನಾನು ಇದನ್ನು ಹೇಳುತ್ತೇನೆ. 1962ರಲ್ಲಿ ಮುಖ್ಯಮಂತ್ರಿಯಾಗಬೇಕಿದ್ದ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ ಕಂಠಿಯವರು ಮಾರ್ಚ್‌ನಿಂದ ಜೂನ್‌ವರೆಗೆ ಮುಖ್ಯಮಂತ್ರಿಯಾಗಿದ್ದು, ನಂತರ ಕುರ್ಚಿಯನ್ನು ಅವರಿಗೇ ಬಿಟ್ಟುಕೊಟ್ಟರು. ಶಾಸಕನಲ್ಲದವನು ಮಂತ್ರಿಯಾಗಿ ಆರು ತಿಂಗಳು ಮಾತ್ರ ಇರಬಹುದು ಎನ್ನುತ್ತದೆ ಸಂವಿಧಾನ. ನಿಜಲಿಂಗಪ್ಪನವರಿಗೆ ಶಾಸಕ ಸ್ಥಾನ ಕೊಟ್ಟದ್ದೂ ನಮ್ಮ ಜಿಲ್ಲೆಯ ಬಾಗಲಕೋಟೆ. ಕಂಠಿಯವರು ಮುಂದೆ ಶಿಕ್ಷಣ ಮಂತ್ರಿಯಾದರು. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ತೆರೆದದ್ದು ಆ ಕಾಲದಲ್ಲೇ.

ಕಾಯಿದೆ ಹೇಗೆ ಹುಟ್ಟುತ್ತದೆ ಎಂದು ಹೇಳಲು ಆ ದಿನಗಳ ಭೂಸುಧಾರಣೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕೂಡಿದ ರಾಜ್ಯದಲ್ಲಿ ಗೇಣಿಯ ಕಾನೂನು ಒಂದೊಂದು ಕಡೆ ಒಂದೊಂದು. ನಮ್ಮ ಕಡೆ 1948ರ ಮುಂಬಯಿ ಕಾಯಿದೆ ನಡೆಯುತ್ತಿತ್ತು. ಎಲ್ಲಕ್ಕೂ ಒಂದೇ ಕಾನೂನು ಹೇಗಿರಬೇಕೆಂದು ನೋಡಲು ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು, ಅದರ ವರದಿಯ ಮೇಲೆ 1958ರಲ್ಲಿ ವಿಧೇಯಕ ಬಂತು. ಎರಡೂ ಸದನದವರಿದ್ದ ಸಮಿತಿ ಅದನ್ನು ಕಲಂ ಕಲಂ ಹಿಡಿದು ನೋಡಿತು. 1961ರಲ್ಲಿ ಅಂಗೀಕಾರ, 1962ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ. ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಇಷ್ಟಾದರೂ ಗೇಣಿದಾರನ ಕೈಗೆ ಹೊಲ ಬರಲಿಲ್ಲ, ಕಾನೂನಿನಲ್ಲಿ ಸಂದುಗಳು ಬಹಳ ಇದ್ದವು. ದೇವರಾಜ ಅರಸರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಯಾಗಿ, ತಾಲೂಕುಗಳಲ್ಲಿ ಭೂನ್ಯಾಯ ಮಂಡಳಿ ಕೂತು, ರೈತರು ಫಾರಂ ನಂಬರ್ 7 ತುಂಬಿಕೊಟ್ಟ ಮೇಲೆಯೇ ಉಳುವವನ ಹೆಸರು ಉತಾರದಲ್ಲಿ ಏರಿದ್ದು. ಮೊದಲ ವಿಧೇಯಕದಿಂದ ಲೆಕ್ಕ ಹಾಕಿದರೆ ಹದಿನೈದು ವರ್ಷಕ್ಕೂ ಮೇಲೆ. ತಡವಾಯಿತು ಎಂದು ಬೈಯಬಹುದು, ನಾನೂ ಬೈಯುತ್ತೇನೆ. ಆದರೆ ಆ ತಡದಲ್ಲಿ ನಡೆದ ವಾದದ ಒಂದೊಂದು ಮಾತೂ ಸದನದ ಕಡತದಲ್ಲಿದೆ. ಯಾರು ಗೇಣಿದಾರನ ಪರ ನಿಂತರು, ಯಾರು ತಮ್ಮ ಹೊಲ ಉಳಿಸಿಕೊಳ್ಳಲು ಮಾತಾಡಿದರು ಎಂದು ಇಂದಿಗೂ ಓದಬಹುದು. ಈಚೆಗೆ ಕೆಲವು ವಿಧೇಯಕಗಳು ಗದ್ದಲದ ನಡುವೆ ಚರ್ಚೆಯಿಲ್ಲದೆ ಪಾಸಾಗುವುದನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದೇ ಕಾರಣಕ್ಕೆ. ಓದಲು ಏನೂ ಉಳಿಯುವುದಿಲ್ಲ.

ಬಸವಣ್ಣನವರ ಬಾಗೇವಾಡಿ ನಮ್ಮ ಪಕ್ಕದ್ದೇ ಆದ್ದರಿಂದ, ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಎಂಬ ಮಾತು ನಮ್ಮ ಸಭೆಗಳಲ್ಲಿ ದಿನಾ ಕೇಳುತ್ತದೆ. ಆ ಮಂಟಪದ ಮೇಲೆ ನನಗಿರುವ ಗೌರವ ಯಾರದಕ್ಕಿಂತಲೂ ಕಡಿಮೆಯದಲ್ಲ. ಮಾದಾರ, ಅಂಬಿಗ, ರಾಣಿ ಎನ್ನದೆ ಎಲ್ಲರಿಗೂ ಮಾತಾಡುವ ಸಮಾನ ಹಕ್ಕು ಅಲ್ಲಿತ್ತು. ಆದರೆ ವಿಧಾನಸಭೆಗೆ ಅಲ್ಲಿಲ್ಲದ ಒಂದು ಕೆಲಸವಿದೆ, ಹಣದ ಕೀಲಿ ಹಿಡಿಯುವುದು. ರಾಜ್ಯದ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯಬೇಕಾದರೂ ಸದನದ ಒಪ್ಪಿಗೆ ಬೇಕು. ಮಾರ್ಚ್ ತಿಂಗಳಲ್ಲಿ ಮುಖ್ಯಮಂತ್ರಿಗಳು ಬಜೆಟ್ ಓದುವುದನ್ನು ಟಿವಿಯಲ್ಲಿ ನೋಡಿ ‘ನಮ್ಮೂರಿನ ಹೆಸರು ಬಂತು’ ಎಂದು ಪಟಾಕಿ ಹಚ್ಚುತ್ತೇವೆ. ಹೆಸರು ಬಂದರೆ ಹಣ ಬಂದಂತಲ್ಲ. ಇಲಾಖೆವಾರು ಬೇಡಿಕೆಗಳು ಮತಕ್ಕೆ ಬರಬೇಕು, ಧನವಿನಿಯೋಗ ವಿಧೇಯಕ ಪಾಸಾಗಬೇಕು, ಆ ಲೆಕ್ಕ ಶೀರ್ಷಿಕೆಯಲ್ಲಿ ಮೊತ್ತ ಇರಬೇಕು. ಆಮೇಲೆ ಬಿಡುಗಡೆ, ಆಮೇಲೆ ಟೆಂಡರು. ಖರ್ಚಾದ ಮೇಲೆ ಮಹಾಲೇಖಪಾಲರ ವರದಿ ಹಿಡಿದು ಸಾರ್ವಜನಿಕ ಲೆಕ್ಕಪತ್ರಗಳ ಸಮಿತಿ ಅಧಿಕಾರಿಗಳನ್ನು ಕೂರಿಸಿ ಕೇಳುತ್ತದೆ.

ನೀರಿನ ವಿಷಯದಲ್ಲಿ ನಮ್ಮ ಜನ ಇದನ್ನು ಮೈಯಿಂದಲೇ ಕಲಿತಿದ್ದಾರೆ. ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ನದಿಯ ಯೋಜನೆಗೆ ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ಆ ನದಿ ಜಿಲ್ಲೆಯೊಳಗೇ ಹರಿದರೂ ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರರು ದಶಕಗಟ್ಟಲೆ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡರು. ಜಮಖಂಡಿ ತಾಲೂಕಿನಲ್ಲಿ ಕೃಷ್ಣೆಯ ನೀರೆತ್ತಿ ಈ ಕಡೆ ಹರಿಸುವ ತುಬಚಿ-ಬಬಲೇಶ್ವರ ಏತ ನೀರಾವರಿ ಯೋಜನೆ, ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲರು 2013ರಿಂದ 2018ರವರೆಗೆ ಜಲಸಂಪನ್ಮೂಲ ಮಂತ್ರಿಯಾಗಿದ್ದಾಗ ವೇಗ ಪಡೆಯಿತು. ಕ್ಷೇತ್ರದವರು ಅದನ್ನು ನೆನೆಯುವುದು ಸಹಜ. ನನ್ನ ಮನಸ್ಸಿನಲ್ಲಿ ಮಾತ್ರ ಒಂದು ಅಳುಕು ಉಳಿದಿದೆ. ಕ್ಷೇತ್ರದವರೇ ಮಂತ್ರಿಯಾದರೆ ಮಾತ್ರ ನೀರು ಬರುತ್ತದೆ ಎಂದಾದರೆ ಮಂತ್ರಿ ಸಿಗದ ಕ್ಷೇತ್ರದ ರೈತ ಏನು ಮಾಡಬೇಕು? ಮಂತ್ರಿಯಲ್ಲದ ಸದಸ್ಯನ ಪ್ರಶ್ನೆಗೂ ಅಷ್ಟೇ ತೂಕ ಬರಬೇಕಾದ್ದು ಸದನದಲ್ಲಿ.

ಅದಕ್ಕೆ ಸದನ ಕೂಡಬೇಕಲ್ಲ! ಎರಡು ಅಧಿವೇಶನಗಳ ನಡುವೆ ಆರು ತಿಂಗಳು ಮೀರಬಾರದು ಎಂದಷ್ಟೇ ಸಂವಿಧಾನ ಹೇಳುತ್ತದೆ. ಅದು ಸಾಲದೆಂದು ಕರ್ನಾಟಕ ತಾನೇ 2005ರಲ್ಲಿ ಒಂದು ಕಾಯಿದೆ ಮಾಡಿಕೊಂಡಿತು: ವರ್ಷಕ್ಕೆ ಕಡಿಮೆಯೆಂದರೆ 60 ದಿನ ಕಲಾಪ ನಡೆಯಬೇಕು. ಬಹುಪಾಲು ವರ್ಷ ಅದು ಈಡೇರಿಲ್ಲ. ತಾನೇ ಮಾಡಿದ ಕಾನೂನನ್ನು ಕಾನೂನು ಮಾಡುವ ಮನೆಯೇ ಪಾಲಿಸದಿದ್ದರೆ ಜನಕ್ಕೆ ಏನು ಹೇಳುವುದು? 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವರು ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟಿಸಿದಾಗ ಸರ್ಕಾರ ನಮ್ಮ ಬಾಗಿಲಿಗೆ ಬಂತು ಎಂದು ಹಿಗ್ಗಿದವರಲ್ಲಿ ನಾನೂ ಇದ್ದೆ. ಬೆಳಿಗ್ಗೆ ಬಸ್ ಹತ್ತಿದರೆ ಮಧ್ಯಾಹ್ನಕ್ಕೆ ಮುಟ್ಟಬಹುದಾದ ದೂರ. ಕಬ್ಬು ಬೆಳೆಗಾರರು, ಅಂಗನವಾಡಿ ಅಕ್ಕಂದಿರು, ಅತಿಥಿ ಉಪನ್ಯಾಸಕರು ಚಳಿಗಾಲದ ಅಧಿವೇಶನಕ್ಕೆ ಅಲ್ಲಿ ಸೇರುತ್ತಾರೆ. ಉತ್ತರ ಕರ್ನಾಟಕದ ಚರ್ಚೆಯನ್ನು ಕೊನೆಯ ದಿನಗಳಿಗೆ ತಳ್ಳುವ ಚಾಳಿ ಬಿಟ್ಟು ಮೊದಲ ದಿನವೇ ಎತ್ತಿಕೊಂಡರೆ ಆ ಕಟ್ಟಡದ ಖರ್ಚು ಸಾರ್ಥಕ.

ಈ ಸದನದ ಬೆಲೆಯನ್ನು ಇಡೀ ದೇಶಕ್ಕೆ ತಿಳಿಸಿಕೊಟ್ಟದ್ದೂ ಕರ್ನಾಟಕದ ಪ್ರಕರಣವೇ. 1989ರ ಏಪ್ರಿಲ್‌ನಲ್ಲಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಬಹುಮತ ಸಾಬೀತು ಮಾಡಲು ಸದನ ಕರೆಯುತ್ತೇನೆಂದರೂ ಕೇಳದೆ ಅವರ ಸರ್ಕಾರವನ್ನು ವಜಾ ಮಾಡಲಾಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟು ಹೇಳಿತು: ಬಹುಮತ ಇದೆಯೋ ಇಲ್ಲವೋ ಎಂಬುದನ್ನು ರಾಜಭವನದ ಕೋಣೆಯಲ್ಲಿ ಲೆಕ್ಕ ಹಾಕಬೇಡಿ, ಸದನದಲ್ಲೇ ನೋಡಿ. ಬೊಮ್ಮಾಯಿಯವರ ಕುರ್ಚಿ ಮರಳಿ ಬರಲಿಲ್ಲ. ದೇಶದ ಎಲ್ಲ ವಿಧಾನಸಭೆಗಳಿಗೆ ರಕ್ಷಣೆ ಸಿಕ್ಕಿತು.

ಕೊನೆಗೆ ಮತಕ್ಷೇತ್ರಗಳ ಗೆರೆಯ ಮಾತು. 1978ರಿಂದ ರಾಜ್ಯದಲ್ಲಿ 224 ಕ್ಷೇತ್ರಗಳು, ನಮ್ಮ ಜಿಲ್ಲೆಯ ಪಾಲಿಗೆ ಈಗ 8. 2008ರವರೆಗೆ ಇದರಲ್ಲಿ ತಿಕೋಟಾ ಒಂದು. ಬಿ.ಎಂ. ಪಾಟೀಲರು ಗೆದ್ದ ಕ್ಷೇತ್ರ. ಅವರು ತೀರಿಕೊಂಡ ಮೇಲೆ 1991ರ ಉಪಚುನಾವಣೆಯಲ್ಲಿ ಮಗ ಎಂ.ಬಿ. ಪಾಟೀಲರು ಮೊದಲು ಗೆದ್ದದ್ದೂ ಇಲ್ಲೇ. 2001ರ ಜನಗಣತಿಯ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ತಿಕೋಟಾ, ಬಳ್ಳೊಳ್ಳಿ, ಹೂವಿನ ಹಿಪ್ಪರಗಿ ಪಟ್ಟಿಯಿಂದ ಹೋದವು, ಬಬಲೇಶ್ವರ, ನಾಗಠಾಣ, ದೇವರ ಹಿಪ್ಪರಗಿ ಬಂದವು. ತಿಕೋಟಾ ಈಗ ಬಬಲೇಶ್ವರ ಕ್ಷೇತ್ರದೊಳಗೆ. ಹತ್ತು ವರ್ಷದ ನಂತರ, 2018ರಲ್ಲಿ, ತಿಕೋಟಾ, ಬಬಲೇಶ್ವರ ಎರಡಕ್ಕೂ ತಾಲೂಕು ಪಟ್ಟ ಬಂದದ್ದು ಸಮಾಧಾನ. ಆದರೂ ಹಿರಿಯರ ಬಾಯಲ್ಲಿ ಈಗಲೂ ‘ನಮ್ಮ ತಿಕೋಟಾ ಮತಕ್ಷೇತ್ರ’ ಎಂಬ ಮಾತು ಬರುತ್ತದೆ.

2026ರ ನಂತರದ ಮೊದಲ ಜನಗಣತಿಯ ಮೇಲೆ ಈ ಗೆರೆಗಳನ್ನು ಮತ್ತೆ ಎಳೆಯಬೇಕಾಗುತ್ತದೆ. ಕಳೆದ ಸಲ ಕ್ಷೇತ್ರ ಮರುವಿಂಗಡಣೆ ಆಯೋಗ ಕರಡನ್ನು ಪ್ರಕಟಿಸಿ, ಬಹಿರಂಗ ಸಭೆ ನಡೆಸಿ ಆಕ್ಷೇಪಣೆ ಕೇಳಿತ್ತು. ಆಯಾ ರಾಜ್ಯದ ಕೆಲವು ಶಾಸಕರು, ಸಂಸದರು ಸಹ ಸದಸ್ಯರಾಗಿ ಕೂತಿದ್ದರು, ಮತದ ಹಕ್ಕು ಮಾತ್ರ ಅವರಿಗಿರಲಿಲ್ಲ. ಅಂತಿಮ ಆದೇಶ ಹೊರಬಿದ್ದ ಮೇಲೆ ಕೋರ್ಟಿನಲ್ಲಿ ಅದನ್ನು ಪ್ರಶ್ನಿಸುವ ದಾರಿಯನ್ನು ಸಂವಿಧಾನ ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಹೇಳುವುದೆಲ್ಲ ಕರಡಿನ ಹೊತ್ತಿನಲ್ಲೇ ಹೇಳಬೇಕು. ಯಾವ ಹಳ್ಳಿಯ ಜನ ಯಾವ ಸಂತೆಗೆ ಹೋಗುತ್ತಾರೆ, ಯಾವ ಕಾಲುವೆ ಯಾವ ಹೊಲಗಳನ್ನು ಕೂಡಿಸುತ್ತದೆ, ಯಾವ ಊರಿಗೆ ಯಾವ ತಹಶೀಲ್ದಾರ ಕಚೇರಿ ಹತ್ತಿರ ಎಂಬುದನ್ನು ಈಗಿನಿಂದಲೇ ಬರೆದಿಟ್ಟುಕೊಳ್ಳುವ ಹುಡುಗರು, ಹುಡುಗಿಯರು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ನಾಲ್ಕು ಜನ ಸಿಕ್ಕರೂ ಸಾಕು. ಆ ಸಭೆ ಎಲ್ಲಿ ನಡೆದರೂ ಅವರ ಜೊತೆ ಹೋಗಲು ನಾನು ಸಿದ್ಧ.